ಮೂರು ವರ್ಷದ ಒಳಮಡಿಕೆ

ಸೆಪ್ಟೆಂಬರ್ ೬

ಅತ್ತೆ,

ತಲುಪಿದೆ. ಕೈಕಾಲು ನೆಟ್ಟಗಿವೆ, ಪೆಟ್ಟಿಗೆಯ ಹಿಡಿ ಮಾತ್ರ ದಾರಿಯಲ್ಲೇ ಮುರಿಯಿತು. ನೀವು ಹೇಳಿದ ಹಾಗೆ ಹಗ್ಗ ಕಟ್ಟಿದ್ದರೆ ಮುರಿಯುತ್ತಿರಲಿಲ್ಲ. ಇದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ವರ್ಷವಿಡೀ ಕೇಳಬೇಕಾಗುತ್ತದೆ.

ನನಗೆ ಸಿಕ್ಕಿರುವುದು ಒಬ್ಬ ಮನೆಯೊಡತಿಯ ಮಹಡಿಯ ಕೋಣೆ. ಒಂದು ಮಂಚ, ಒಂದು ಮೇಜು, ಬೀದಿಗೆ ತೆರೆಯುವ ಕಿಟಕಿ, ಸುತ್ತ ಬರೀ ಬಿಳಿ ಗೋಡೆ. ನಮ್ಮ ಮನೆಯಲ್ಲಿ ಗಿರಾಕಿಗಳ ಬಟ್ಟೆ ತೂಗುಹಾಕಿ ಗೋಡೆಯೇ ಕಾಣದ ಹಾಗೆ ಮಾಡಿರುತ್ತೀರಲ್ಲ, ಅದಕ್ಕೆ ಎಷ್ಟು ಸಲ ಗೊಣಗಿದ್ದೇನೆ. ಇಲ್ಲಿ ಕಣ್ಣು ನಿಲ್ಲಲು ಒಂದು ತೋಳಿಲ್ಲದ ಅಂಗಿ ಕೂಡ ಇಲ್ಲ.

ಈ ಪರದೇಶದ ಶಾಲೆಯಲ್ಲಿ ಒಂದು ವರ್ಷ ದೊಡ್ಡ ಮಕ್ಕಳಿಗೆ ಗಣಿತ ಹೇಳಿಕೊಡಬೇಕು. ತರಗತಿಯ ಹೊರಗಿನ ಕಾರಿಡಾರಿನುದ್ದಕ್ಕೂ ಕೊಕ್ಕೆಗಳು, ಮಗುವಿಗೆ ಒಂದರಂತೆ, ಚಳಿಗಾಲದ ಕೋಟು ತೂಗುಹಾಕಲು. ಕೊನೆಯಲ್ಲಿ ನನಗೂ ಒಂದು ಕೊಟ್ಟಿದ್ದಾರೆ. ಈಗ ಬಿಸಿಲಿದೆ, ಎಲ್ಲ ಖಾಲಿ.

ಹೊರಡುವಾಗ ಗುಂಡಿ ನನ್ನ ಮುಖ ನೋಡಲಿಲ್ಲ. ನಿಮ್ಮ ಮೆಷಿನ್ನಿನ ಕೆಳಗೆ ಕೂತು ಪೆಡಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಏಳು ವರ್ಷದ ಮಗಳನ್ನು ಬಿಟ್ಟು ಬರುವ ತಾಯಿ ಎಂಥವಳು ಎಂದು ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ. ನಿಮ್ಮ ಮಗ ತೀರಿಕೊಂಡ ಮೇಲೆ ನಾಲ್ಕು ವರ್ಷ ನಾನು ಶಾಲೆ, ಮನೆ, ಅಡುಗೆಮನೆ ಎಂದು ಗಾಣದೆತ್ತಾಗಿದ್ದೆ. "ಒಂದು ವರ್ಷ ತಾನೆ? ಮಗೂನ ನೋಡ್ಕೊಳ್ಳೋಕೆ ನಾನಿದ್ದೀನಿ. ಹೋಗಿ ಬಾ" ಎಂದು ಬೆನ್ನ ಮೇಲೆ ಕೈಯಿಟ್ಟು ದೂಡಿದವರು ನೀವು. ಇಲ್ಲದಿದ್ದರೆ ಬಾಗಿಲಲ್ಲೇ ಕೂತುಬಿಡುತ್ತಿದ್ದೆ.

ನಿಮ್ಮ ಸೊಸೆ


ಸೆಪ್ಟೆಂಬರ್ ೨೮

ಟೀಚರಮ್ಮ,

ಹಿಡಿ ಮುರಿದ ಸುದ್ದಿ ಓದಿ ಬಹಳ ಸಂತೋಷವಾಯಿತು. ಆ ಪುಟವನ್ನು ಜೋಪಾನವಾಗಿ ಇಟ್ಟಿದ್ದೇನೆ, ಮುಂದೆ ಬೇಕಾಗುತ್ತದೆ.

ಪಕ್ಕದ ಔಷಧಿ ಅಂಗಡಿಗೆ ಫೋನು ಮಾಡಬೇಡ. ಮೊನ್ನೆ ನೀನು ಮಾಡಿದಾಗ ಅಂಗಡಿಯವನು ಮಾತ್ರೆ ಎಣಿಸುವ ನೆಪದಲ್ಲಿ ಕಿವಿಯನ್ನು ಪೂರ್ತಿ ನನ್ನ ಕಡೆಗೇ ಇಟ್ಟಿದ್ದ. ಕೆಮ್ಮಿನ ಔಷಧಿಗೆ ಬಂದವರೂ ಕೆಮ್ಮು ನಿಲ್ಲಿಸಿ ಕೇಳುತ್ತಿದ್ದರು. ಅಂಥ ಕಡೆ ನನಗೆ ನಾಲಿಗೆ ಏಳುವುದಿಲ್ಲ. ನೀನು ಬರೆ, ನಾನೂ ಬರೆಯುತ್ತೇನೆ.

ನಿನ್ನ ಮಗಳು ಚೆನ್ನಾಗಿದ್ದಾಳೆ. ಮೊದಮೊದಲು ನಿನ್ನ ಮಾತೇ ಎತ್ತಲಿಲ್ಲ. ಆಮೇಲೆ ಒಂದು ಸಂಜೆ, ಅಂಗಿಗೆ ಕಾಜ ಹೊಲಿಯುತ್ತಿದ್ದ ನನ್ನ ಮೊಣಕಾಲಿಗೆ ಒರಗಿ, ಅಮ್ಮ ಅಲ್ಲಿಯ ಮಕ್ಕಳಿಗೆ ಊಟ ಮಾಡಿಸುತ್ತಾಳಾ ಎಂದು ಕೇಳಿದಳು. ಇಲ್ಲ, ಬರೀ ಲೆಕ್ಕ ಹೇಳಿಕೊಡುತ್ತಾಳೆ ಎಂದೆ. "ಹಾಗಾದ್ರೆ ಪರವಾಗಿಲ್ಲ" ಎಂದಳು. ಒಂದೂವರೆ ವರ್ಷಕ್ಕೆ ಗಿರಾಕಿಯ ಅಂಗಿಯ ಗುಂಡಿ ನುಂಗಿ ಈ ಅಡ್ಡಹೆಸರು ಸಂಪಾದಿಸಿದವಳು. ಸಂಕಟ ನುಂಗುವುದು ಅವಳಿಗೆ ಯಾವ ಲೆಕ್ಕ?

ಬಾಗಿಲ ಹಿಂದಿನ ಕೋಟನ್ನು ಬಿಸಿಲಿಗೆ ಹಾಕಿ ಮತ್ತೆ ಅದೇ ಮೊಳೆಗೆ ತೂಗುಹಾಕಿದೆ. ಹಣ್ಣಿನ ಕೋಲ್ಡ್ ಸ್ಟೋರೇಜಿನ ಕೆಲಸಕ್ಕೆ ಸೇರಿದಾಗ ನಾನೇ ಮಗನಿಗೆ ಹೊಲಿದುಕೊಟ್ಟದ್ದು. ಇಷ್ಟು ವರ್ಷವಾದರೂ ಕೊರಳಪಟ್ಟಿಯಲ್ಲಿ ಸೇಬಿನ ವಾಸನೆ ಹೋಗಿಲ್ಲ. ಗುಂಡಿ ಮುನಿಸಿಕೊಂಡಾಗ ಅದರೊಳಗೆ ಹೋಗಿ ನಿಲ್ಲುತ್ತಾಳೆ. ಮುಟ್ಟಬೇಡ ಎಂದು ಗದರುತ್ತೇನೆ, ಆದರೆ ತಕ್ಷಣ ಅಲ್ಲ.

ಸೊಸೆ ವಾಪಸು ಬರುತ್ತಾಳಾ ಎಂದು ಔಷಧಿ ಅಂಗಡಿಯವನು ಕೇಳಿದ. ಅವಳು ಹೋಗಿರುವುದು ಪಾಠ ಹೇಳಲಿಕ್ಕೆ, ಅದು ಮುಗಿಯಲಿ, ಆಮೇಲೆ ಕೇಳಿ ಎಂದೆ. ಅವನ ಮುಖಕ್ಕೆ ಹಾಗೆ ಹೇಳುವುದು ಸುಲಭವಾಗಿತ್ತು, ನನಗೆ ನಾನೇ ಹೇಳಿಕೊಳ್ಳುವುದು ಅಷ್ಟು ಸುಲಭವಲ್ಲ.

ನಿನ್ನ ಅತ್ತೆ


ನವೆಂಬರ್ ೧೯

ಅತ್ತೆ,

ಕೊಕ್ಕೆಗಳೆಲ್ಲ ತುಂಬಿವೆ. ಕಾರಿಡಾರಿನಲ್ಲಿ ಒದ್ದೆ ಉಣ್ಣೆಯ ವಾಸನೆ. ಮಕ್ಕಳು ಕೋಟು ತೊಟ್ಟು ಮುಗಿಸುವಷ್ಟರಲ್ಲಿ ಆಟದ ಹೊತ್ತೇ ಮುಗಿದಿರುತ್ತದೆ.

ಮೊನ್ನೆ ಅಂಗಳವೆಲ್ಲ ಮಂಜುಗಡ್ಡೆಯಾಗಿತ್ತು. ಎರಡು ಹೆಜ್ಜೆ ಇಟ್ಟೆ, ಉತ್ತರಪತ್ರಿಕೆಗಳ ಸಮೇತ ಜಾರಿ ಕೂತೆ. ನನ್ನ ತರಗತಿಯ ಮಕ್ಕಳು ಓಡಿಬಂದು ಎಬ್ಬಿಸಿ, ಈ ನೆಲದ ಮೇಲೆ ಬಾತುಕೋಳಿ ನಡೆದ ಹಾಗೆ ನಡೆಯಬೇಕು ಎಂದು ಹೇಳಿಕೊಟ್ಟರು. ಪಾದ ಹೊರಗೆ ತಿರುಗಿಸಿ, ಕೈ ಅಗಲಿಸಿ, ಸೊಂಟ ಅಲ್ಲಾಡಿಸಿ. ಅವರು ಮುಂದೆ ಸಾಲಾಗಿ, ನಾನು ಹಿಂದೆ. ಹೆಡ್ಮಿಸ್ಟ್ರೆಸ್ ಕಿಟಕಿಯಿಂದ ನೋಡುತ್ತಿದ್ದರು. ಆಕೆ ಬಹಳ ಗಂಭೀರ ಸ್ವಭಾವದವರು, ಇವತ್ತು ನನ್ನ ಕಥೆ ಮುಗಿಯಿತು ಅಂದುಕೊಂಡೆ. ಸಂಜೆ ಗೇಟಿನ ಹತ್ತಿರ ನೋಡಿದರೆ ಆಕೆಯೂ ಹಾಗೇ ನಡೆದು ಹೋಗುತ್ತಿದ್ದರು. ಗೋಡೆ ಹಿಡಿದುಕೊಂಡು ನಕ್ಕೆ ಅತ್ತೆ. ಹೊಟ್ಟೆ ನೋವು ಬರುವಷ್ಟು ನಕ್ಕೆ.

ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಇಲ್ಲಿ ನನ್ನನ್ನು ಕಂಡಾಗ ಯಾರೂ ದನಿ ತಗ್ಗಿಸುವುದಿಲ್ಲ. ಕೋಣೆಗೆ ಹೋದರೆ ಅಲ್ಲಿ ನಡೆಯುತ್ತಿದ್ದ ಮಾತು ನಿಲ್ಲುವುದಿಲ್ಲ. ನನಗೆ ಏನಾಗಿದೆ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಎಷ್ಟು ಹಗುರ ಅನ್ನಿಸುತ್ತದೆ ಎಂದರೆ ಕೆಲವೊಮ್ಮೆ ನಾಚಿಕೆಯಾಗುತ್ತದೆ.

ಗುಂಡಿಗೆ ಬಾತುಕೋಳಿಯ ನಡಿಗೆ ತೋರಿಸಿ.

ನಿಮ್ಮ ಸೊಸೆ


ಡಿಸೆಂಬರ್ ೧೪

ಟೀಚರಮ್ಮ,

ತೋರಿಸಿದೆ. ಫಲವಾಗಿ ನಿನ್ನ ಮಗಳು ಮನೆ, ಮೆಟ್ಟಿಲು, ಬೀದಿ ಎಲ್ಲ ಕಡೆ ಹಾಗೇ ನಡೆದು, ಕಡೆಗೆ ಇಸ್ತ್ರಿ ಮೇಜಿಗೆ ಮುಖ ಕೊಟ್ಟು, ಮೊದಲೇ ಅಲ್ಲಾಡುತ್ತಿದ್ದ ಮುಂದಿನ ಹಲ್ಲು ಬೀಳಿಸಿಕೊಂಡಳು. ಹಲ್ಲನ್ನು ಗುಂಡಿಗಳ ಡಬ್ಬಿಯಲ್ಲಿ ಹಾಕಿದ್ದೇನೆ. ಅವಸರದಲ್ಲಿ ಯಾರ ಅಂಗಿಗಾದರೂ ಹೊಲಿದುಬಿಡದಿದ್ದರೆ ಸಾಕು.

ನಿನ್ನ ಕಾಗದವನ್ನು ಅಂಗಡಿಯಲ್ಲಿ ಒಮ್ಮೆ, ಮೇಲೆ ಬಂದು ಒಮ್ಮೆ ಓದಿದೆ. ನಿನ್ನ ನಗು ಕೇಳಿಸಿತು. ಅದು ಹೇಗಿತ್ತೆಂದು ನನಗೆ ಮರೆತೇಹೋಗಿತ್ತು. ಮದುವೆಯಾದ ಹೊಸದರಲ್ಲಿ ನೀವಿಬ್ಬರೂ ಮೇಲೆ ನಗುತ್ತಿದ್ದರೆ ಕೆಳಗೆ ಅಂಗಡಿಯಲ್ಲಿ ನನ್ನ ಹೊಲಿಗೆ ಸೊಟ್ಟಗೆ ಹೋಗುತ್ತಿತ್ತು. ಇಷ್ಟು ನಗುವಂಥದ್ದೇನಿದೆ ಎಂದು ಆಗ ಸಿಡುಕುತ್ತಿದ್ದೆ.

ನಾಚಿಕೆ ಯಾಕೆ? ಹಗುರ ಅನ್ನಿಸಿದರೆ ಹಗುರವಾಗಿರು. ಇಲ್ಲಿ ದನಿ ತಗ್ಗಿಸುವವರಲ್ಲಿ ನಾನೂ ಒಬ್ಬಳು, ಅದು ನನಗೆ ಗೊತ್ತು.

ಬೆಚ್ಚಗಿರು. ಕಾಲುಚೀಲ ಎರಡು ಜೊತೆ ಹಾಕಿಕೋ.

ನಿನ್ನ ಅತ್ತೆ


ಫೆಬ್ರವರಿ ೧೦

ಅತ್ತೆ,

ಪರೀಕ್ಷೆಯ ಗಡಿಬಿಡಿ, ಎರಡೇ ಸಾಲು. ಗುಂಡಿಯ ಅಳತೆ ಬೇಕು. ಎತ್ತರ, ಭುಜ, ತೋಳು, ಎಲ್ಲ. ಶೂ ಬಿಚ್ಚಿಸಿ, ಗೋಡೆಗೆ ನಿಲ್ಲಿಸಿ ಅಳೆಯಿರಿ. ಬೇಗ ಕಳಿಸಿ. ಯಾಕೆ ಎಂದು ಆಮೇಲೆ ಹೇಳುತ್ತೇನೆ. ಇಲ್ಲಿ ಚಳಿ ಇನ್ನೂ ಇಳಿದಿಲ್ಲ.

ನಿಮ್ಮ ಸೊಸೆ


ಮಾರ್ಚ್ ೧೨

ಟೀಚರಮ್ಮ,

ಯಾಕೆ ಎಂದು ಹೇಳುವುದು ಬೇಡ. ಟೇಪು ಕೊರಳಿಗೆ ಹಾಕಿಕೊಂಡು ಮುದುಕಿಯಾದವಳು ನಾನು. ಅಳತೆ ಕೇಳುವವರು ಬಟ್ಟೆಗೇ ಕೇಳುತ್ತಾರೆ, ಚಳಿಯ ಮಾತು ತೆಗೆದವರು ಕೋಟಿಗೇ ಕೇಳುತ್ತಾರೆ. ಇಲ್ಲಿ ಕೋಟು ಯಾರಿಗೆ ಬೇಕು? ಮಗುವನ್ನು ಅಲ್ಲಿಗೆ ಕರೆಸಿಕೊಳ್ಳುತ್ತೀಯ. ಒಳ್ಳೆಯದು. ತಾಯಿಯ ಹತ್ತಿರ ಮಗು ಇರಬೇಕಾದ್ದೇ.

ಅಳತೆ ಕಾಗದದ ಹಿಂಬದಿಯಲ್ಲಿದೆ. ಆದರೆ ಅಲ್ಲಿಯ ಅಂಗಡಿಯಲ್ಲಿ ಕೊಳ್ಳಲು ಹೋಗಬೇಡ. ಅಂಗಡಿಯ ಬಟ್ಟೆಯಲ್ಲಿ ಒಳಮಡಿಕೆ ಬಿಟ್ಟಿರುವುದಿಲ್ಲ, ಮಗು ಬೆಳೆದರೆ ಬಿಸಾಡಬೇಕು. ನಾನೇ ಹೊಲಿದಿದ್ದೇನೆ. ಈ ಕಾಗದದ ಜೊತೆಗೇ ಪಾರ್ಸೆಲ್ ಹೊರಡುತ್ತಿದೆ.

ಗುಂಡಿಗೆ ಹೇಳಿಲ್ಲ, ನೀನೇ ಹೇಳುವುದು ಚೆಂದ. ಈಗ ಒಂದೆರಡು ವಿಷಯ ತಿಳಿದಿರು, ನೀನು ಹೋದ ಮೇಲೆ ಬದಲಾಗಿವೆ. ನಿದ್ದೆ ಬರುವಾಗ ಪಕ್ಕದವರ ಕಿವಿಯ ತುದಿ ಹಿಡಿದುಕೊಳ್ಳುತ್ತಾಳೆ, ಬಿಡಿಸಬೇಡ, ತಾನೇ ಬಿಡುತ್ತಾಳೆ. ಮೊಟ್ಟೆಯ ಹಳದಿ ಈಗ ತಿನ್ನುತ್ತಾಳೆ, ಬಿಳಿ ಬೇಡ. ಸುಳ್ಳು ಹೇಳುವಾಗ ಒಂಟಿ ಕಾಲಲ್ಲಿ ನಿಲ್ಲುತ್ತಾಳೆ. ಗುಡುಗಿಗೆ ಹೆದರುವುದಿಲ್ಲ ಎನ್ನುತ್ತಾಳೆ, ಆಗಲೂ ಒಂಟಿ ಕಾಲೇ.

ನನ್ನ ಯೋಚನೆ ಬಿಡು. ನನಗೆ ಅಂಗಡಿಯಿದೆ, ಗಿರಾಕಿಗಳಿದ್ದಾರೆ, ಜಗಳಕ್ಕೆ ಔಷಧಿ ಅಂಗಡಿಯವನಿದ್ದಾನೆ.

ನಿನ್ನ ಅತ್ತೆ


ಏಪ್ರಿಲ್ ೮

ಅತ್ತೆ,

ಪಾರ್ಸೆಲ್ ಬಂತು. ಮನೆಯೊಡತಿ ಮೆಟ್ಟಿಲ ಹತ್ತಿರ ಕೈಗೆ ಕೊಟ್ಟರು, ಅಲ್ಲೇ ಕೂತು ದಾರ ಬಿಚ್ಚಿದೆ. ಬಟ್ಟೆ ಕಾಣುವ ಮೊದಲೇ ಸೇಬಿನ ವಾಸನೆ ಬಂತು.

ಬಾಗಿಲ ಹಿಂದಿನ ಕೋಟನ್ನು ಕತ್ತರಿಸಿಬಿಟ್ಟಿರಾ ಅತ್ತೆ?

ಮಡಿಲಲ್ಲಿಟ್ಟುಕೊಂಡೆ. ಆಮೇಲೆ ತಿರುಗಿಸಿ ನೋಡಿದೆ. ತೋಳಿನ ಒಳಗೆ ಮೂರು ಮಡಿಕೆ, ಅಂಚಿನ ಒಳಗೆ ಮೂರು ಮಡಿಕೆ, ಒಂದೊಂದಕ್ಕೂ ಬೇರೆ ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ. ಜೇಬಿನಲ್ಲಿ ಒಂದು ಚೀಟಿ: ಮುಂದಿನ ವರ್ಷ ಹಳದಿ ದಾರ ಎಳೆ, ಅದರ ಮುಂದಿನ ವರ್ಷ ನೀಲಿ, ಆಮೇಲೆ ಕೆಂಪು, ಕತ್ತರಿ ಬೇಡ, ಎಳೆದರೆ ತಾನೇ ಬಿಚ್ಚಿಕೊಳ್ಳುತ್ತದೆ. ಗುಂಡಿ ಹಚ್ಚಲು ಹೋಗಿ ಅಂಗಿಯನ್ನು ನನ್ನ ಲಂಗಕ್ಕೇ ಹೊಲಿದುಕೊಂಡವಳು ನಾನು, ಅದನ್ನು ನೆನಪಿಟ್ಟುಕೊಂಡು ಮಾಡಿದ್ದೀರಿ. ಮೂರು ವರ್ಷ ನೀವು ಹತ್ತಿರ ಇರುವುದಿಲ್ಲ ಎಂದು ಒಪ್ಪಿಕೊಂಡು, ಕೂತು, ಅದನ್ನು ಹೊಲಿದಿದ್ದೀರಿ.

ನಾನು ಅಳತೆ ಕೇಳಿದ್ದು ಕೋಟಿಗಲ್ಲ. ಮಗಳು ಈಗ ಎಷ್ಟೆತ್ತರ ಇದ್ದಾಳೆ ಎಂದು ಕಣ್ಣಿಗೆ ಕಟ್ಟಲಿಲ್ಲ. ಕನಸಿನಲ್ಲಿ ಬಂದರೂ ಹೊರಟ ದಿನದ ಎತ್ತರವೇ. ಅದಕ್ಕೆ ಈ ಕೋಣೆಯ ಬಿಳಿ ಗೋಡೆಯ ಮೇಲೆ ಗೆರೆ ಎಳೆದುಕೊಳ್ಳೋಣ ಎಂದುಕೊಂಡೆ. ಎಳೆದಿದ್ದೇನೆ. ಭುಜದ ಹತ್ತಿರ ಕೈಯಿಟ್ಟು ನಿಲ್ಲುತ್ತೇನೆ. ಇದನ್ನು ಬರೆಯಲು ನಾಚಿಕೆಯಾಗಿ 'ಆಮೇಲೆ ಹೇಳುತ್ತೇನೆ' ಎಂದುಬಿಟ್ಟೆ.

ಆದರೆ ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ಇನ್ನೂ ಮೂರು ವರ್ಷ ಇಲ್ಲೇ ಇರುತ್ತೀರಾ ಎಂದು ಹೆಡ್ಮಿಸ್ಟ್ರೆಸ್ ಜನವರಿಯಲ್ಲೇ ಕೇಳಿದರು. ಎರಡು ಕೋಣೆಯ ಮನೆ, ಮಗಳಿಗೆ ಇದೇ ಶಾಲೆಯಲ್ಲಿ ಜಾಗ. ಇಲ್ಲ ಎಂದು ತಕ್ಷಣ ಹೇಳಲಿಲ್ಲ. ಯೋಚಿಸುತ್ತೇನೆ ಎಂದೆ, ಯೋಚಿಸುತ್ತಲೇ ಇದ್ದೆ, ನಿಮಗೆ ಬರೆಯಲಿಲ್ಲ. ಮೇ ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ಇವತ್ತು ಈ ಕೋಟು ಮಡಿಲಲ್ಲಿದೆ, ಬೆಳಗ್ಗೆ ಹೋಗಿ ಆಗುವುದಿಲ್ಲ ಎಂದು ಹೇಳಿಬಿಡುವ ಮನಸ್ಸಾಗಿದೆ.

ನಿಮ್ಮ ಸೊಸೆ


ಏಪ್ರಿಲ್ ೨೯

ಟೀಚರಮ್ಮ,

ನನಗೆ ಸಿಟ್ಟು ಬಂದಿದೆ. ನಾನು ಕೋಟು ಕಳಿಸಿದ್ದು ಮಗು ಬೆಚ್ಚಗಿರಲಿ ಎಂದು. ನಿನ್ನನ್ನು ಎಳೆದು ತರಲು ಅದು ಹಗ್ಗವಲ್ಲ. ನನ್ನ ಮೇಲಿನ ಕನಿಕರಕ್ಕೆ ವಾಪಸು ಬಂದರೆ ಬಾಗಿಲು ತೆಗೆಯುತ್ತೇನೆ, ಊಟಕ್ಕಿಡುತ್ತೇನೆ, ಆದರೆ ಮನಸ್ಸಿನಲ್ಲಿ ಕ್ಷಮಿಸುವುದಿಲ್ಲ. ಹೆಡ್ಮಿಸ್ಟ್ರೆಸ್ ಹತ್ತಿರ ಇನ್ನೂ ಏನೂ ಹೇಳದಿದ್ದರೆ, ಹೇಳಬೇಡ.

ಕೋಟಿಗೆ ಕತ್ತರಿ ಹಾಕುವಾಗ ಎರಡು ಸಲ ಯೋಚಿಸಲಿಲ್ಲ. ಅವನು ತೊಟ್ಟ ಬಟ್ಟೆ, ಅವನ ಮಗಳ ಮೈಮೇಲೆ ಇರುವುದಕ್ಕಿಂತ ಒಳ್ಳೆಯ ಜಾಗ ಅದಕ್ಕೆ ಎಲ್ಲಿದೆ? ಹೊಲಿದು ಕಳಿಸಿ ಬಂದ ಮೇಲೆ ಬಾಗಿಲು ಹಾಕಿದೆ, ಬರೀ ಮೊಳೆ ಕಂಡಿತು. ಆಗ ಕೂತುಬಿಟ್ಟೆ. ಗುಂಡಿ ಬಂದು ಮುನಿಸಿಕೊಂಡರೆ ಇನ್ನು ಎಲ್ಲಿ ನಿಲ್ಲಲಿ ಎಂದು ಕೇಳಿದಳು. ನನ್ನ ಹತ್ತಿರ ನಿಲ್ಲು ಎಂದೆ.

ನೀನು ನಿಜ ಬರೆದಿದ್ದೀಯ, ನಾನೂ ಬರೆಯುತ್ತೇನೆ. ನೀವಿಬ್ಬರೂ ಹೋದರೆ ನಾನು ಹೇಗಿರುತ್ತೇನೆ ಎಂದು ನನಗೆ ಗೊತ್ತಿಲ್ಲ. ಭಯವಾಗುತ್ತದೆ. ಆದರೂ ಬಾ ಎಂದು ನಾನು ಬರೆಯುವುದಿಲ್ಲ. ಹೊರಡುವವರಿಗೆ ಹೋಗಿ ಬಾ ಎಂದು ಯಾರು ಬೇಕಾದರೂ ಹೇಳುತ್ತಾರೆ, ಅದು ಬಾಯಿಗೆ ತಾನಾಗಿ ಬರುವ ಮಾತು. ಬರೀ ಬಾ ಎನ್ನಲು ಹಕ್ಕು ಬೇಕು. ನನ್ನ ಮಗನೇ ಇಲ್ಲದ ಮೇಲೆ ನಿನ್ನ ಮೇಲೆ ನನಗೆ ಯಾವ ಹಕ್ಕು ಉಳಿದಿದೆ?

ನೀನು ನಗುವ ಕಡೆ ಇರು.

ನಿನ್ನ ಅತ್ತೆ


ಮೇ ೨೧

ಅತ್ತೆ,

ನೀವು ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡು ಯೋಚಿಸಿದೆ. ಕೋಟನ್ನು ಶಾಲೆಗೆ ಒಯ್ದು ನನ್ನ ಕೊಕ್ಕೆಗೆ ಹಾಕಿದೆ, ಗುಂಡಿ ಇಲ್ಲಿದ್ದರೆ ಹೇಗೆ ಎಂದು ದಿನಾ ನೋಡಿದೆ. ಚೆನ್ನಾಗಿಯೇ ಇರುತ್ತಾಳೆ. ನಾನೂ ಇರುತ್ತೇನೆ. ಅದು ಕಷ್ಟದ ಮಾತಲ್ಲ.

ಆದರೆ ಒಂದು ವಿಷಯ ಗೊತ್ತಾಯಿತು. ಅವತ್ತು ಗೋಡೆ ಹಿಡಿದುಕೊಂಡು ನಗುವಾಗಲೇ, ಇದನ್ನು ಅತ್ತೆಗೆ ಹೇಗೆ ಬರೆಯಲಿ ಎಂದು ಸಾಲು ಕೂಡಿಸುತ್ತಿದ್ದೆ. ಕೋಣೆಗೆ ಬಂದು ಬರೆಯುವಾಗ ಇನ್ನೊಮ್ಮೆ ನಕ್ಕೆ. ಆ ಎರಡನೆಯ ನಗು ಹೆಚ್ಚಿನದು. ಏನು ಕಂಡರೂ ನಿಮ್ಮ ಮುಖ ಏನಾಗುತ್ತದೆ ಎಂದು ನೋಡುವ ಆಸೆ. ಹಕ್ಕಿನ ಮಾತು ಎತ್ತಿದ್ದೀರಿ. ನೀವು ನನ್ನ ಗಂಡನ ತಾಯಿ ಎಂದು ನಾನು ನಿಮಗೆ ಬರೆಯುತ್ತಿದ್ದೆನೇ? ನಿಮಗೆ ಹೇಳದಿದ್ದರೆ ನನಗೆ ದಿನ ಮುಗಿಯುವುದಿಲ್ಲ, ಅದಕ್ಕೆ ಬರೆಯುತ್ತಿದ್ದೆ.

ಇವತ್ತು ಹೆಡ್ಮಿಸ್ಟ್ರೆಸ್‌ಗೆ ಉತ್ತರ ಕೊಟ್ಟೆ. ಜೂನ್ ಕೊನೆಗೆ ಹೊರಡುತ್ತೇನೆ. ಆಕೆ ಕೈ ಹಿಡಿದುಕೊಂಡು ಬೇಸರ ಪಟ್ಟರು. ಗೋಡೆಯ ಗೆರೆ ಅಳಿಸಿ ಬಣ್ಣ ಹಚ್ಚಿಕೊಡುತ್ತೇನೆ ಎಂದರೆ ಮನೆಯೊಡತಿ, ಇರಲಿ ಬಿಡಿ, ಮುಂದೆ ಬರುವವರು ಯಾರಿದು ಎಂದು ಕೇಳಲಿ ಎಂದರು.

ನನ್ನದೊಂದು ಷರತ್ತಿದೆ. ಇನ್ನು ಮನೆಯಲ್ಲಿ ದನಿ ತಗ್ಗಿಸುವ ಹಾಗಿಲ್ಲ. ನಿಮ್ಮ ಮಗನ ಮಾತು ಬಂದ ಕೂಡಲೇ ನೀವು ಕೊರಳಲ್ಲೇ ಇರುವ ಟೇಪನ್ನು ಹುಡುಕಬಾರದು, ನಾನು ತೊಳೆದ ಪಾತ್ರೆಯನ್ನೇ ತೊಳೆಯಲು ಎದ್ದು ಹೋಗಬಾರದು. ಅವರು ನಮ್ಮಿಬ್ಬರನ್ನೂ ಎಷ್ಟು ನಗಿಸುತ್ತಿದ್ದರು. ಇಷ್ಟು ವರ್ಷದಲ್ಲಿ ಅದರಲ್ಲಿ ಒಂದನ್ನೂ ನಾವು ಗುಂಡಿಗೆ ಹೇಳಿಲ್ಲ.

ಮಡಿಕೆ ಬಿಚ್ಚುವ ಚೀಟಿಯನ್ನು ಒಲೆಗೆ ಹಾಕಿದೆ. ಹಳದಿ ಮೊದಲೋ ನೀಲಿ ಮೊದಲೋ ನನಗೆ ಮರೆತುಹೋಗಿದೆ, ಮರೆತೇ ಇರುತ್ತದೆ. ವರ್ಷಕ್ಕೊಮ್ಮೆ ನೀವೇ ಎಳೆಯಬೇಕು.

ಒಂದು ವರ್ಷದ ಬ್ರೆಡ್ಡು ಬೆಣ್ಣೆಯಿಂದ ನನ್ನ ಬಟ್ಟೆಗಳೆಲ್ಲ ಬಿಗಿಯಾಗಿವೆ. ಅಳತೆ ಬರೆದು ಕಳಿಸುವುದಿಲ್ಲ. ಬಂದ ಮೇಲೆ ನೀವೇ ತೆಗೆಯಿರಿ.

ನಿಮ್ಮ ಸೊಸೆ


ಜುಲೈ ೨, ಮನೆಯಲ್ಲೇ

ಟೀಚರಮ್ಮ,

ಎರಡು ಸಲ ಬಂದು ನೋಡಿದೆ, ಬಾಯಿ ತೆರೆದು ಮಲಗಿದ್ದೀಯ. ಎಬ್ಬಿಸಲು ಮನಸ್ಸಾಗಲಿಲ್ಲ. ಅದಕ್ಕೆ ಈ ಚೀಟಿಯನ್ನು ನೀರಿನ ಲೋಟದ ಕೆಳಗೆ ಇಡುತ್ತಿದ್ದೇನೆ. ಒಂದು ವರ್ಷ ಬರೆದೂ ಬರೆದೂ ಬುದ್ಧಿ ಕೆಟ್ಟಿದೆ, ಮಹಡಿಯ ಮೇಲೆ ಮಲಗಿರುವವಳಿಗೂ ಕಾಗದ.

ಗುಂಡಿಗೆ ರಾತ್ರಿ ನಿನ್ನ ಕಿವಿ ಸಿಕ್ಕಿತಂತೆ. ಬೆಳಗ್ಗೆ ನಿನ್ನ ಪಕ್ಕದಿಂದ ಎದ್ದವಳೇ ಪೆಟ್ಟಿಗೆ ತೆಗೆದು ಕೋಟು ತೊಟ್ಟುಕೊಂಡಳು. ಈ ವರ್ಷ ಮಳೆ ಇನ್ನೂ ಬಂದಿಲ್ಲ, ಹೊರಗೆ ಸುಡುವ ಬಿಸಿಲು. ತೋಳು ಮಣಿಕಟ್ಟಿಗೆ ಸರಿಯಾಗಿ ಬರುತ್ತದೆ. ಬೇಡ ಕಣೇ, ಬೆಂದುಹೋಗ್ತೀಯ ಎಂದರೆ, ಸೆಕೆಯೇ ಆಗುವುದಿಲ್ಲ ಎಂದು ಒಂಟಿ ಕಾಲಲ್ಲಿ ನಿಂತು ಹೇಳಿ ಶಾಲೆಗೆ ಹೊರಟೇಬಿಟ್ಟಳು.

ಔಷಧಿ ಅಂಗಡಿಯವನು ತನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಇದೇನು ಕೋಟು ಎಂದು ಕೇಳಿದ. "ನಮ್ಮಪ್ಪಂದು. ಅಮ್ಮ ವಾಪಸ್ ತಂದ್ಲು" ಎಂದಳು. ಅವನು ಎಂದಿನ ಹಾಗೆ ತಲೆ ಬಗ್ಗಿಸಿ ದನಿ ತಗ್ಗಿಸಿದ. ನನ್ನ ಕೈ ಟೇಪಿನ ಕಡೆ ಹೋಗಿತ್ತು. ನಿನ್ನ ಷರತ್ತು ನೆನಪಾಗಿ ಕೈ ಕೆಳಗಿಳಿಸಿದೆ.

ಆಮೇಲೆ ಬೀದಿಯಲ್ಲೇ ನಿಂತು ಇಬ್ಬರಿಗೂ ಹೇಳಿದೆ. ಇವಳಪ್ಪ ಕೆಲಸಕ್ಕೆ ಸೇರಿದ ಮೊದಲ ದಿನ, ಇಂಥದೇ ಬಿಸಿಲಿನಲ್ಲಿ, ಎಲ್ಲರೂ ನೋಡಲಿ ಎಂದು ಮನೆಯಿಂದಲೇ ಕೋಟು ತೊಟ್ಟು ಹೊರಟ. ಕೊರಳವರೆಗೆ ಗುಂಡಿ ಹಾಕಿಕೊಂಡಿದ್ದ. ಬೀದಿಯ ತಿರುವು ದಾಟುವಷ್ಟರಲ್ಲಿ ತಲೆ ಸುತ್ತಿ ಕೂತ, ನಾನು ಬಿಂದಿಗೆ ಹೊತ್ತುಕೊಂಡು ಓಡಿಹೋಗಿ ಕೋಟಿನ ಸಮೇತ ತಲೆಗೆ ನೀರು ಸುರಿದೆ. ಒದ್ದೆ ಕೋಟಿನಲ್ಲೇ ಕೋಲ್ಡ್ ಸ್ಟೋರೇಜಿಗೆ ಹೋದವನು ಸಂಜೆ ಮೈ ಮರಗಟ್ಟಿ ತೋಳು ಮಡಚಲಾಗದೆ ಹಲಗೆಯಂತೆ ಬಂದ. ಹೇಳುತ್ತಾ ಹೇಳುತ್ತಾ ನನಗೇ ನಗು ತಡೆಯಲಾಗಲಿಲ್ಲ. ಔಷಧಿ ಅಂಗಡಿಯವನೂ ನಕ್ಕ. ಗುಂಡಿ ಹೊಸ ಹಲ್ಲು ಕಾಣುವಂತೆ ಬಾಯಿ ತೆರೆದು ನಕ್ಕು, ಇನ್ನೊಂದು ಹೇಳು ಎಂದಳು. ಸಂಜೆಗೆ ಎಂದಿದ್ದೇನೆ. ನಿನಗೆ ಗೊತ್ತಿರುವ ಒಂದನ್ನು ನೀನೂ ನೆನಪು ಮಾಡಿಕೊಂಡಿರು.

ತಿಂಡಿ ಮುಚ್ಚಿಟ್ಟಿದ್ದೇನೆ. ಬಾಗಿಲ ಹಿಂದಿನ ಮೊಳೆಯನ್ನು ಕಿತ್ತು, ಗುಂಡಿಯ ಕೈಗೆಟುಕುವಷ್ಟು ಕೆಳಗೆ ಹೊಡೆದಿದ್ದೇನೆ, ಹೋಗುವಾಗ ಭುಜಕ್ಕೆ ತಾಗೀತು, ಜೋಕೆ.

ನಾನು ಅಂಗಡಿಯಲ್ಲಿದ್ದೇನೆ. ಟೇಪು ಕೊರಳಲ್ಲೇ ಇದೆ.

ಎದ್ದ ಮೇಲೆ ಕೆಳಗೆ ಬಾ.

ಅತ್ತೆ